ಗುತ್ತೇದಾರನ ಮಂದಿ, ಯಾರ ಮಂದಿ?



ಸಕ್ಕರೆ ಕಾರ್ಖಾನೆಯಲ್ಲಿ ಜೀವಕ್ಕೆ ಹೆಚ್ಚು ಅಪಾಯ ಯಾವಾಗ? ಕಬ್ಬು ನುರಿಸುವಾಗ ಎಂದು ಹೊರಗಿನವರು ಹೇಳುತ್ತಾರೆ. ಗಾಣದ ಉರುಳೆಗಳ ಸದ್ದು, ಬಾಯ್ಲರಿನ ಬೆಂಕಿ, ರಾತ್ರಿಯಿಡೀ ಉರಿಯುವ ದೀಪಗಳನ್ನು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಒಳಗೆ ಹತ್ತಿಪ್ಪತ್ತು ವರ್ಷ ದುಡಿದ ಫಿಟ್ಟರನ್ನು ಕೇಳಿ ನೋಡಿ, ಅವನು ಬೇಸಿಗೆಯ ಹೆಸರು ಹೇಳುತ್ತಾನೆ. ಸೀಸನ್ ಮುಗಿದು ಯಂತ್ರ ನಿಂತ ಮೇಲೆ ಓವರ್‌ಹಾಲಿಂಗ್ ಶುರುವಾಗುತ್ತದೆ. ಆಗ ಮನುಷ್ಯ ಯಂತ್ರದ ಒಳಗೇ ಇಳಿಯಬೇಕು. ರಸ ಕುದಿಸುವ ಪಾತ್ರೆಗಳ ಕೊಳವೆಗಳಿಗೆ ಹತ್ತಿದ ಗಟ್ಟಿ ಪೊರೆ ಕೆರೆಯಬೇಕು, ಕಾಕಂಬಿಯ ಟಾಕಿಯ ತಳ ತೊಳೆಯಬೇಕು, ಚಿಮಣಿ ಹತ್ತಿ ಬಣ್ಣ ಬಳಿಯಬೇಕು, ಕೊಳೆನೀರು ಶುದ್ಧೀಕರಿಸುವ ತೊಟ್ಟಿಯ ಕೆಸರು ತೆಗೆಯಬೇಕು. ಇಂಥ ಕೆಲಸಗಳಲ್ಲಿ ಬಹುಪಾಲು ಹೋಗುವುದು ಗುತ್ತಿಗೆಗೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಬರುವವರು ಗುತ್ತೇದಾರನ ಮಂದಿ.

ಇವತ್ತು ನಾನು ಮಾತಾಡುವುದು ಆ ಮಂದಿಯ ಬಗ್ಗೆ. ನಮ್ಮ ವಿಜಯಪುರ ಜಿಲ್ಲೆಯ ಹಳೆಯ ಐದು ತಾಲ್ಲೂಕುಗಳಲ್ಲಿ ವಿಜಯಪುರವನ್ನು ಬಿಟ್ಟರೆ ಉಳಿಯುವವು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಅವುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ತಾಲ್ಲೂಕುಗಳು ಒಡೆದು ಬಂದಿವೆ, ಆದರೂ ಊರಿನವರ ಬಾಯಲ್ಲಿ ಹಳೆಯ ಲೆಕ್ಕವೇ ನಡೆಯುತ್ತದೆ. ಬರದ ನಾಡು, ದುಡಿಯಲು ಗೋವಾಕ್ಕೆ, ಪುಣೆಗೆ, ಮುಂಬಯಿಗೆ ಹೋಗುವವರ ನಾಡು ಎಂದೇ ಇದು ಹೆಸರಾಗಿತ್ತು. ಈಗ ಭೀಮೆಯ ಕಡೆ ಮರಗೂರು, ಹಾವಿನಾಳ, ಆಲಮೇಲಗಳಲ್ಲಿ, ಕೃಷ್ಣೆಯ ಕಡೆ ಯರಗಲ್ಲಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಉಷ್ಣವಿದ್ಯುತ್ ಸ್ಥಾವರವಿದೆ. ತಾಳಿಕೋಟೆ ಸುತ್ತ ಹಾಸುಗಲ್ಲು ತೆಗೆಯುವ ಕ್ವಾರಿಗಳಿವೆ. ಕೆಲಸ ಊರ ಬಾಗಿಲಿಗೆ ಬಂದದ್ದು ಒಳ್ಳೆಯದೇ ಆಯಿತು. ಆ ಕೆಲಸದಿಂದ ಮನುಷ್ಯ ಸಂಜೆ ಹೇಗೆ ಮನೆಗೆ ಬರುತ್ತಾನೆ ಎಂಬ ಪ್ರಶ್ನೆಯೂ ಅದರೊಂದಿಗೇ ಬಂದಿದೆ.

ಒಂದು ತೊಟ್ಟಿಯ ಮಾತು ತೆಗೆದುಕೊಳ್ಳೋಣ. ಡಿಸ್ಟಿಲರಿ ಇರುವ ಸಕ್ಕರೆ ಕಾರ್ಖಾನೆಯಲ್ಲಿ ಒಂದು ಲೀಟರ್ ಮದ್ಯಸಾರಕ್ಕೆ ಅದರ ಎಂಟರಿಂದ ಹದಿನೈದು ಪಟ್ಟು ಕಂದು ಬಣ್ಣದ ಕೊಳೆದ್ರವ ಹೊರಬೀಳುತ್ತದೆ. ಅದು ಕೊಳೆಯುವಲ್ಲಿ ಮೀಥೇನ್ ಹುಟ್ಟುತ್ತದೆ, ಜೊತೆಗೆ ಹೈಡ್ರೋಜನ್ ಸಲ್ಫೈಡ್ ಕೂಡ. ಈ ಎರಡನೆಯ ಅನಿಲದ ಗುಣ ವಿಚಿತ್ರ. ಸ್ವಲ್ಪ ಇದ್ದಾಗ ಕೆಟ್ಟ ಮೊಟ್ಟೆಯ ನಾತ ಹೊಡೆಯುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ನಾತ ನಿಂತಿತು, ಇನ್ನು ಇಳಿಯಬಹುದು ಎಂದುಕೊಂಡವನು ಅತ್ಯಂತ ಅಪಾಯದ ಗಳಿಗೆಯಲ್ಲೇ ಒಳಗೆ ಕಾಲಿಡುತ್ತಾನೆ. ಅದು ಗಾಳಿಗಿಂತ ಭಾರ, ತೊಟ್ಟಿಯ ತಳದಲ್ಲೇ ಕೂತಿರುತ್ತದೆ. ಮೇಲಿನಿಂದ ನೋಡಿದರೆ ಮೊಣಕಾಲುದ್ದದ ಕೆಸರು ಬಿಟ್ಟು ಬೇರೇನೂ ಕಾಣದು. ಇಳಿದವನು ಎರಡು ಬುಟ್ಟಿ ಕೆಸರು ಎತ್ತುವುದರೊಳಗೆ ಕುಸಿಯುತ್ತಾನೆ. ಮೇಲಿದ್ದ ಅಣ್ಣನೋ ಗೆಳೆಯನೋ ಅವನನ್ನು ಎತ್ತಲು ಹಾಗೇ ಧುಮುಕುತ್ತಾನೆ. ಟಾಕಿಯಲ್ಲಿ ಒಬ್ಬನೇ ಸತ್ತ ಸುದ್ದಿಗಿಂತ ಇಬ್ಬರು, ಮೂವರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಇದರಿಂದಲೇ.

ಇದಕ್ಕೆ ಏನು ಮಾಡಬೇಕೆಂದು ಯಾರೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮಿನಲ್ಲಿ ಬರೆದೇ ಇತ್ತು. ಒಳಗಿನ ಗಾಳಿಯನ್ನು ಅರ್ಹ ವ್ಯಕ್ತಿ ಪರೀಕ್ಷಿಸಿ ಸುರಕ್ಷಿತ ಎಂದು ಬರಹದಲ್ಲಿ ಕೊಡಬೇಕು. ಇಲ್ಲವಾದರೆ ಇಳಿಯುವವನಿಗೆ ಉಸಿರಾಟದ ಉಪಕರಣ ಕೊಟ್ಟು, ಸೊಂಟಕ್ಕೆ ಬೆಲ್ಟು ಬಿಗಿದು ಹಗ್ಗ ಕಟ್ಟಬೇಕು, ಆ ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ನಿಂತ ಮನುಷ್ಯ ಹಿಡಿದಿರಬೇಕು. ಅದರ ಪಕ್ಕದ 36ಎ ಕಲಮು ಇಂಥ ಜಾಗದೊಳಗೆ 24 ವೋಲ್ಟಿಗಿಂತ ಹೆಚ್ಚಿನ ಕೈದೀಪ ಒಯ್ಯಬಾರದು ಎನ್ನುತ್ತಿತ್ತು. ನಾನು ನೋಡಿದ ಒಂದು ಟಾಕಿಯ ಬಾಯಿಯಲ್ಲಿ ಮನೆಯ 230 ವೋಲ್ಟಿನ ಬಲ್ಬು ಇಳಿಬಿದ್ದಿತ್ತು. ವೈರಿನ ಜೋಡಣೆಗೆ ಸುತ್ತಿದ ಟೇಪು ಬಿಚ್ಚಿ ಜೋತಾಡುತ್ತಿತ್ತು, ಕೆಳಗೆ ನೀರು ನಿಂತಿತ್ತು. ಹಗ್ಗ ಎಲ್ಲಿ ಎಂದು ಕೇಳಿದ್ದಕ್ಕೆ ಮೇಸ್ತ್ರಿ, ‘ಹಗ್ಗ ಯಾಕ್ರೀ ಸಾಹೇಬ್ರ, ಐದ್ ಮಿನಿಟಿನ ಕೆಲಸ ಐತಿ’ ಅಂದ. ಅವನು ಕೆಟ್ಟವನಲ್ಲ. ಒಳಗಿದ್ದವರಲ್ಲಿ ಒಬ್ಬ ಅವನ ಸ್ವಂತ ತಮ್ಮ. ಹಗ್ಗದ ಸಂಗತಿಯನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಹಗ್ಗಕ್ಕೆ ಯಾರೂ ರೊಕ್ಕವನ್ನೂ ಕೊಟ್ಟಿರಲಿಲ್ಲ.

ರೊಕ್ಕದ ಈ ಮಾತೇ ನನ್ನ ಮಾತಿನ ತಿರುಳು. ಕಾರ್ಖಾನೆಗಳು ಗುತ್ತೇದಾರರಿಗೂ ಸರಬರಾಜುದಾರರಿಗೂ ಕೊಡುವ ಕರಾರಿನಲ್ಲಿ ಸುರಕ್ಷತೆಯ ಶರತ್ತುಗಳು ಇಲ್ಲದಿಲ್ಲ. ದೊಡ್ಡ ಕಂಪನಿಯಾದರೆ ಪುಟಗಟ್ಟಲೆ ಇರುತ್ತವೆ. ಹೆಲ್ಮೆಟ್, ಬೂಟು, ಬೆಲ್ಟು ಗುತ್ತೇದಾರನೇ ಕೊಡತಕ್ಕದ್ದು, ಅಪಘಾತವಾದರೆ ಅವನೇ ಹೊಣೆ, ಪರಿಸರ ಕಾನೂನನ್ನು ಅವನೇ ಪಾಲಿಸತಕ್ಕದ್ದು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿ ಬರುತ್ತದೆ. ಇಂಡಿಯ ವೆಲ್ಡಿಂಗ್ ಗುತ್ತೇದಾರ ಪ್ರತಿ ಹಾಳೆಯ ಕೆಳಗೂ ರುಜು ಹಾಕುತ್ತಾನೆ. ಆದರೆ ಕೆಲಸ ಸಿಗುವುದು ಕಡಿಮೆ ದರ ಕೂಗಿದವನಿಗೆ. ಹಾಗಾದರೆ ಅವನು ಉಳಿಸುವುದು ಎಲ್ಲಿಂದ? ಡೀಸೆಲ್ಲಿನ ದರ ಅವನ ಕೈಯಲ್ಲಿಲ್ಲ. ವೆಲ್ಡಿಂಗ್ ರಾಡಿನದೂ ಇಲ್ಲ, ಜಿಎಸ್‌ಟಿಯದೂ ಇಲ್ಲ. ಅವನ ಕೈಯಲ್ಲಿರುವುದು ಮನುಷ್ಯರ ಲೆಕ್ಕವೊಂದೇ. ಹಗ್ಗ ಹಿಡಿದು ಹೊರಗೆ ಸುಮ್ಮನೆ ನಿಲ್ಲುವವನಿಗೆ ಯಾಕೆ ಪಗಾರ ಕೊಡಬೇಕು? ಹತ್ತು ಜನರ ಕೆಲಸಕ್ಕೆ ಏಳು ಜನ ಸಾಲದೇ? ಗಾಳಿ ಅಳೆಯುವ ಯಂತ್ರ ಕೊಂಡರೆ ಈ ಕೆಲಸದ ಲಾಭವೆಲ್ಲ ಅದಕ್ಕೇ ಹೋಗುತ್ತದೆ. ಹೀಗೆ, ರುಜು ಹಾಕಿದ ಶರತ್ತನ್ನು ದರವೇ ಅಳಿಸಿಹಾಕುತ್ತದೆ.

ಆದ್ದರಿಂದ ನಾನು ಹೇಳುವುದು ಇಷ್ಟು: ಸುರಕ್ಷತೆಯ ಖರ್ಚನ್ನು ಟೆಂಡರಿನ ಪೈಪೋಟಿಯಿಂದ ಹೊರಗಿಡಬೇಕು. ಕೆಲಸದ ದರ ಬೇರೆ, ಸುರಕ್ಷತೆಯ ಮೊತ್ತ ಬೇರೆ. ಆ ಮೊತ್ತವನ್ನು ಕಾರ್ಖಾನೆಯೇ ಮೊದಲು ನಿಗದಿ ಮಾಡಿ ಬರೆಯಬೇಕು, ಯಾರೂ ಅದನ್ನು ಕಡಿಮೆ ಕೂಗುವಂತಿರಬಾರದು. ಬೆಲ್ಟು, ಹಗ್ಗ, ಗಾಳಿ ಅಳೆಯುವ ಯಂತ್ರ ಮತ್ತು ಹೊರಗೆ ನಿಲ್ಲುವ ಮನುಷ್ಯನ ಪಗಾರ ತೋರಿಸಿದ ಮೇಲೆ ಅದು ಸಂದಾಯವಾಗಬೇಕು. ಆಗ ಪ್ರಾಮಾಣಿಕ ಗುತ್ತೇದಾರ ನಷ್ಟಕ್ಕೆ ಬೀಳುವುದಿಲ್ಲ. ಈಗ ಬೀಳುತ್ತಿದ್ದಾನೆ. ಮಂದಿಯನ್ನು ಚಂದಾಗಿ ನೋಡಿಕೊಳ್ಳುವ ಗುತ್ತೇದಾರರು ನಮ್ಮಲ್ಲಿ ಇದ್ದಾರೆ, ದರದಲ್ಲಿ ಸೋತು ಹಿಂದೆ ಸರಿದವರೂ ಇದ್ದಾರೆ.

ಕಾನೂನು ಈ ವಿಷಯದಲ್ಲಿ ಕುರುಡಾಗಿಲ್ಲ. ಗುತ್ತೇದಾರನ ಆಳು ಮಾಲೀಕನ ಜಾಗದಲ್ಲಿ, ಮಾಲೀಕನ ಧಂದೆಯ ಕೆಲಸ ಮಾಡುತ್ತ ಗಾಯಗೊಂಡರೆ ಪರಿಹಾರ ಕೊಡುವ ಹೊಣೆ ಮೊದಲು ಮಾಲೀಕನದು, ಆಮೇಲೆ ಅವನು ಗುತ್ತೇದಾರನಿಂದ ವಸೂಲು ಮಾಡಿಕೊಳ್ಳಲಿ ಎಂದು 1923ರ ಪರಿಹಾರ ಕಾಯ್ದೆಯೇ ಹೇಳಿತ್ತು. ಬ್ರಿಟಿಷರ ಕಾಲದ ಮಾತು ಅದು. ಗುತ್ತೇದಾರ ಕೂಲಿ ಕೊಡದೆ ಕೈಯೆತ್ತಿದರೆ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತು. 1984ರ ಡಿಸೆಂಬರಿನಲ್ಲಿ ಭೋಪಾಲದ ಅನಿಲ ದುರಂತ ನಡೆದ ಮೇಲೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ತನ್ನ ಕೆಲಸದಲ್ಲಿ ಯಾವ ಅಪಾಯವಿದೆ ಎಂದು ತಿಳಿಯುವುದು ಕಾರ್ಮಿಕನ ಹಕ್ಕಾಯಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಗಳ ಜಾಗದಲ್ಲಿ ಕೂತಿವೆ. ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಬೇಕು ಎಂಬುದು ಅವುಗಳಲ್ಲಿ ನನಗೆ ಮೆಚ್ಚಿಗೆಯಾದ ಮಾತು. ಮೆಚ್ಚಿಗೆಯಾಗದ ಮಾತೂ ಒಂದಿದೆ. ಗುತ್ತಿಗೆ ಕಾರ್ಮಿಕರ ನಿಯಮ ಹಿಂದೆ 20 ಜನರಿದ್ದಲ್ಲಿ ಲಾಗೂ ಆಗುತ್ತಿತ್ತು, ಈಗ 50 ಜನರಿರಬೇಕು. ನಮ್ಮ ತಾಲ್ಲೂಕುಗಳ ಗುತ್ತೇದಾರರ ಬಳಿ ಇರುವವರು ಎಂಟು, ಹತ್ತು, ಹೆಚ್ಚೆಂದರೆ ಹದಿನೈದು ಜನ; ಹಳೆಯ ಲೆಕ್ಕವೇ ಮುಟ್ಟದವರಿಗೆ ಹೊಸದು ಇನ್ನೂ ದೂರ. ಆದರೂ ಒಂದು ಮಾತು ನೆನಪಿರಲಿ. ಕಾರ್ಖಾನೆಯ ಗೇಟಿನೊಳಗೆ ದುಡಿಯುವವನ ಜೀವದ ಹೊಣೆ ಕಾರ್ಖಾನೆ ನಡೆಸುವವನ ಮೇಲೆ ಇದ್ದೇ ಇದೆ, ಆ ಮನುಷ್ಯ ಯಾರ ಹಾಜರಿ ಪುಸ್ತಕದಲ್ಲಿದ್ದರೂ.

2023ರ ಡಿಸೆಂಬರ್ 4, ಸೋಮವಾರ. ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಒಂದು ಆಹಾರಧಾನ್ಯ ಸಂಸ್ಕರಣಾ ಘಟಕದಲ್ಲಿ ಸಂಗ್ರಹ ಯಂತ್ರ ಕುಸಿದು, ಗೋವಿನಜೋಳದ ರಾಶಿ ಕೆಲಸಗಾರರ ಮೇಲೆ ಬಿತ್ತು. ರಾತ್ರಿಯಿಡೀ ಜೋಳ ತೆಗೆದರು. ಮರುದಿನದ ಹೊತ್ತಿಗೆ ಸಿಕ್ಕಿದ್ದು ಏಳು ಶವ. ಏಳೂ ಮಂದಿ ಬಿಹಾರದಿಂದ ಹೊಟ್ಟೆಪಾಡಿಗೆ ಬಂದವರು. ವಿಷವಿಲ್ಲ, ಬೆಂಕಿಯಿಲ್ಲ, ನಮ್ಮ ರೈತರು ಬೆಳೆದು ಮಾರುವ ಗೋವಿನಜೋಳ ಅದು. ನಮ್ಮವರು ಗೋವಾದಲ್ಲಿ ಗಾರೆ ಹೊರುವಾಗ ಅಲ್ಲಿನವರ ಕಣ್ಣಿಗೆ ಹೇಗೆ ಕಂಡಿರುತ್ತಾರೋ, ಈ ಬಿಹಾರದ ಹುಡುಗರು ನಮ್ಮ ಕಣ್ಣಿಗೆ ಹಾಗೆಯೇ ಕಂಡಿದ್ದರು: ಹೆಸರು ಗೊತ್ತಿಲ್ಲದ ಹಮಾಲರು. ಸತ್ತ ಮೇಲೆ ಹೆಸರುಗಳು ಗೊತ್ತಾದವು. ವಲಸೆಯ ನೋವು ಉಂಡ ನಾಡಿಗೆ ಇದು ಹೆಚ್ಚು ತಟ್ಟಬೇಕು. ಭಾಷೆ ಬಾರದ ಕೆಲಸಗಾರನಿಗೆ ‘ಅಲ್ಲಿ ನಿಲ್ಲಬೇಡ’ ಎಂದು ಅವನ ಭಾಷೆಯಲ್ಲಿ ಹೇಳುವವನೊಬ್ಬ ಪ್ರತಿ ಪಾಳಿಯಲ್ಲೂ ಇರಬೇಕು ಎಂಬುದನ್ನು ಕರಾರಿನಲ್ಲಿ ಯಾಕೆ ಬರೆಯಬಾರದು? ಬಿಹಾರದವರಿಗೆ ಹಿಂದಿ, ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಬಂದವರಿಗೆ ಮರಾಠಿ, ನಮ್ಮ ತಾಂಡಾಗಳ ಹಿರಿಯರಿಗೆ ಲಂಬಾಣಿ. ಗೋಡೆಗೆ ಅಂಟಿಸಿದ ಇಂಗ್ಲಿಷ್ ಫಲಕ ಓದಲು ಬಾರದವನನ್ನು ಕಾಯುವುದಿಲ್ಲ.

ಇನ್ನು ಗೇಟಿನ ಹೊರಗಿನ ಮಾತು. ಸಕ್ಕರೆ ಕಾರ್ಖಾನೆಯ ಅತಿ ದೊಡ್ಡ ಗುತ್ತಿಗೆ ನಡೆಯುವುದು ಹೊಲದಲ್ಲಿ. ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ಕೊಟ್ಟು ಕರೆತರುವವನು ಮುಕಾದಮ, ಸಾಗಿಸುವವನು ಟ್ರ್ಯಾಕ್ಟರಿನ ಮಾಲೀಕ. ಕಟಾವು ಮತ್ತು ಸಾಗಣೆಯ ಖರ್ಚು ಕೊನೆಗೆ ರೈತನ ಬಿಲ್ಲಿನಲ್ಲೇ ಕಡಿತವಾಗುತ್ತದೆ. 2025ರ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ಉತ್ತರ ಕರ್ನಾಟಕದ ರೈತರು ಬೀದಿಗಿಳಿದಾಗ ಈ ಕಟಾವಿನ ಖರ್ಚಿನ ಮಾತೂ ಜೋರಾಗಿ ಬಂತು. ನ್ಯಾಯವಾದ ಮಾತೇ. ಆದರೆ ಆ ಖರ್ಚಿನೊಳಗೆ ಕಡಿಯುವವಳ ಕೈಗೆ ಒಂದು ಜೊತೆ ಕೈಗವಸು ಇದೆಯೇ, ಹಾವು ಕಡಿದರೆ ದವಾಖಾನೆಗೆ ಒಯ್ಯುವ ವಾಹನ ಇದೆಯೇ ಎಂದು ಕೇಳುವ ದನಿ ನನಗೆ ಕೇಳಿಸಲಿಲ್ಲ.

ಕಡಿಯುವವಳು ಎಂದು ಬೇಕೆಂದೇ ಹೇಳಿದೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಒಬ್ಬರು ಒಂದು ದಿನ ತಪ್ಪಿಸಿದರೂ ಮುಂಗಡದಲ್ಲಿ ದಂಡ ಬೀಳುತ್ತದೆ. ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿ 2019ರಲ್ಲಿ ಬೀಡ್ ಜಿಲ್ಲೆಯ 82,309 ಕಬ್ಬು ಕಡಿಯುವ ಹೆಣ್ಣುಮಕ್ಕಳ ವಿವರ ಕಲೆಹಾಕಿದಾಗ, 13,861 ಮಂದಿಯ ಗರ್ಭಕೋಶ ತೆಗೆಸಿದ್ದು ಕಂಡುಬಂತು. ಮುಟ್ಟಿನ ದಿನ ಕೆಲಸ ತಪ್ಪಬಾರದು, ಮೇಲಿಂದ ಮೇಲೆ ದವಾಖಾನೆಗೆ ಹೋಗಲಾಗದು ಎಂಬ ಒತ್ತಡ ಅದರ ಹಿಂದೆ ಇತ್ತು. ಆ ಬೀಡ್ ಜಿಲ್ಲೆಯ ಗ್ಯಾಂಗುಗಳು ಭೀಮೆ ದಾಟಿ ನಮ್ಮ ಹೊಲಗಳಿಗೂ ಬರುತ್ತವೆ, ನಮ್ಮ ತಾಂಡಾದವರು ಅತ್ತ ಹೋಗುತ್ತಾರೆ. ಹೊಲದ ಬದುವಿನಲ್ಲಿ ತಾಡಪಾಲಿನ ಗುಡಿಸಲು, ಪಕ್ಕದಲ್ಲಿ ಕಾಲುವೆಯ ನೀರು, ಶೌಚಕ್ಕೆ ಕಬ್ಬಿನ ಮರೆ. ಕಬ್ಬು ಕಡಿದಂತೆ ಆ ಮರೆಯೂ ದೂರ ಹೋಗುತ್ತದೆ. ಸಕ್ಕರೆ ಕೊಳ್ಳುವ ದೊಡ್ಡ ಪಾನೀಯ ಕಂಪನಿಗಳು ಈಚೆಗೆ ತಮ್ಮ ಸರಬರಾಜುದಾರರಿಗೆ ಈ ಕುರಿತು ಪ್ರಶ್ನೆ ಕೇಳತೊಡಗಿವೆ. ಕೇಳಲಿ. ಆದರೆ ಉತ್ತರ ಬರೆಯುವವನು ಕಚೇರಿಯಲ್ಲಿ ಕೂತಿರುತ್ತಾನೆ. ಹೊಲದ ಬದುವಿಗೆ ಬಂದು ಆ ಹೆಣ್ಣುಮಗಳನ್ನೇ ಕೇಳಿದರೆ ಮಾತ್ರ ನಿಜ ಸಿಗುತ್ತದೆ.

ಟ್ರ್ಯಾಕ್ಟರಿನ ವಿಷಯ ನಿಮಗೆ ನಾನು ಹೇಳಬೇಕಾದ್ದೇ ಇಲ್ಲ, ಸಿಂದಗಿ ರಸ್ತೆಯಲ್ಲೋ ಇಂಡಿ ರಸ್ತೆಯಲ್ಲೋ ರಾತ್ರಿ ಬೈಕ್ ಓಡಿಸಿದವರಿಗೆಲ್ಲ ಗೊತ್ತು. ಎರಡು ಟ್ರಾಲಿ, ಎರಡೂ ಬದಿಗೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ. ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಸೋಗೆಯಿಂದ ಮುಚ್ಚಿರುತ್ತದೆ. ನಡುರಸ್ತೆಯಲ್ಲಿ ಟೈರು ಒಡೆದರೆ ಗಾಲಿಗೆ ತಲೆಗಾತ್ರದ ಕಲ್ಲು ಕೊಟ್ಟು ನಿಲ್ಲಿಸುತ್ತಾರೆ. ಟೈರು ಬದಲಿಸಿ ಹೊರಟಾಗ ಆ ಕಲ್ಲುಗಳು ಡಾಂಬರಿನ ಮೇಲೆಯೇ ಉಳಿಯುತ್ತವೆ. ಒಂದೆರಡು ತಾಸಿನ ನಂತರ ಹಾಲಿನ ಕ್ಯಾನು ಕಟ್ಟಿಕೊಂಡು ಬಂದವನ ಮುಂಗಾಲಿ ಅದಕ್ಕೆ ಬಡಿಯುತ್ತದೆ. ಆ ಕಲ್ಲಿಗೆ ಕಾರ್ಖಾನೆಯ ಹೆಸರಿಲ್ಲ, ಗುತ್ತೇದಾರನ ಹೆಸರೂ ಇಲ್ಲ. ಕಾರ್ಖಾನೆ ಮನಸ್ಸು ಮಾಡಿದರೆ ಇದು ನಿಲ್ಲುತ್ತದೆ. ಪ್ರತಿ ಟ್ರಾಲಿಗೆ ಎರಡು ಮರದ ಅಡ್ಡಗಟ್ಟೆ, ಹಿಂಬದಿಗೆ ಕೆಂಪು ದೀಪ, ಅಗಲದ ಒಂದು ಅಳತೆಗೋಲು. ಇವು ಇಲ್ಲದ ಗಾಡಿಯನ್ನು ತೂಕದ ಕಾಟಾದ ಮೇಲೆ ಹತ್ತಿಸುವುದಿಲ್ಲ ಎಂದರೆ ಒಂದೇ ವಾರದಲ್ಲಿ ಎಲ್ಲ ಗಾಡಿಗೂ ದೀಪ ಬರುತ್ತದೆ. ಪೊಲೀಸರ ದಂಡಕ್ಕಿಂತ ಕಾಟಾದ ಬಾಗಿಲಿಗೆ ಬಲ ಹೆಚ್ಚು.

ಕೂಡಗಿಯ ಮಾತು ಬಿಟ್ಟರೆ ಬಾಗೇವಾಡಿಯವರು ನನ್ನನ್ನು ಕ್ಷಮಿಸುವುದಿಲ್ಲ. 2014ರ ಜುಲೈ 5ರಂದು ಅಲ್ಲಿ ರೈತರ ಪ್ರತಿಭಟನೆಯ ಮೇಲೆ ಗೋಲಿಬಾರ್ ಆದದ್ದು ಜಿಲ್ಲೆ ಮರೆತಿಲ್ಲ. ಅವರು ಕೇಳಿದ್ದು ನೆಲ, ನೀರು, ಬೂದಿಯ ಬಗ್ಗೆ. ಸ್ಥಾವರ ಎದ್ದು ನಿಂತಿದೆ, 800 ಮೆಗಾವ್ಯಾಟಿನ ಮೂರು ಘಟಕಗಳು ಆಲಮಟ್ಟಿಯ ನೀರಿನಿಂದ ನಡೆಯುತ್ತಿವೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿ. ಆ ಬೂದಿಯನ್ನು ಪೂರ್ತಿಯಾಗಿ ಸಿಮೆಂಟಿಗೆ, ಇಟ್ಟಿಗೆಗೆ, ರಸ್ತೆಗೆ ಬಳಸಬೇಕು ಎಂದು ಕೇಂದ್ರದ ಪರಿಸರ ಸಚಿವಾಲಯದ 2021ರ ಡಿಸೆಂಬರ್ 31ರ ಅಧಿಸೂಚನೆ ಹೇಳುತ್ತದೆ. ಒಳ್ಳೆಯ ನಿಯಮ. ಆದರೆ ಬೂದಿ ಹೊರಗೆ ಹೋಗುವುದು ಸಾಗಣೆದಾರರ ಗಾಡಿಗಳಲ್ಲಿ. ಮುಚ್ಚಿದ ಬಲ್ಕರಿನಲ್ಲಿ ಹೋದರೆ ಸರಿ. ತಾಡಪಾಲು ಹರಿದ ಟಿಪ್ಪರಿನಲ್ಲಿ ಹೋದರೆ ದಾರಿಬದಿಯ ತೊಗರಿಯ ಎಲೆಯ ಮೇಲೆ, ಮನೆಮುಂದೆ ಒಣಗಲು ಹಾಕಿದ ಜೋಳದ ಮೇಲೆ ಬೂದಿ ಕೂರುತ್ತದೆ. ಆ ನಯವಾದ ಧೂಳಿನಲ್ಲಿ ಸಿಲಿಕಾ ಇದೆ. ವರ್ಷಗಟ್ಟಲೆ ಉಸಿರಾಡಿದವನ ಎದೆಗೆ ಅದು ಒಳ್ಳೆಯದಲ್ಲ. ಬೂದಿ ಇಟ್ಟಿಗೆ ಮಾಡುವ ಸಣ್ಣ ಘಟಕದಲ್ಲಿ ಮೂಗಿಗೆ ವಲ್ಲಿ ಕಟ್ಟಿಕೊಂಡು ಸಲಿಕೆ ಹಿಡಿದವನೂ ಈ ಸರಪಳಿಯ ತುದಿಯಲ್ಲೇ ಇದ್ದಾನೆ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಹಳೆಯ ಒಣ ಕಬ್ಬಿನ ಸಿಪ್ಪೆಯನ್ನು ಕೆದರುವವನಿಗೂ ಹೀಗೆಯೇ. ಬೂಷ್ಟು ಹಿಡಿದ ಆ ಸಿಪ್ಪೆಯ ಧೂಳಿನಿಂದ ಬರುವ ಶ್ವಾಸಕೋಶದ ರೋಗಕ್ಕೆ ವೈದ್ಯರು ಬಗಾಸೋಸಿಸ್ ಎಂದೇ ಹೆಸರಿಟ್ಟಿದ್ದಾರೆ. ತಲೆಗೆ ಟೋಪಿ ಕೊಟ್ಟರೆ ಫೋಟೋದಲ್ಲಿ ಕಾಣುತ್ತದೆ. ಎದೆಯ ಎಕ್ಸ್‌ರೇ ಕಾಣುವುದಿಲ್ಲ. ಅದಕ್ಕೇ ಆರೋಗ್ಯ ತಪಾಸಣೆ ಕೊನೆಗೆ ಉಳಿದುಬಿಡುತ್ತದೆ.

ಕೊಳ್ಳುವವನಿಗೆ ಹೊಣೆ ಇದೆಯೇ ಎಂಬ ಪ್ರಶ್ನೆಗೆ ಜಗತ್ತು ಉತ್ತರ ಕಂಡುಕೊಂಡದ್ದು ತುಂಬಾ ದುಬಾರಿಯಾಗಿ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಯುರೋಪು, ಅಮೆರಿಕಗಳ ಅಂಗಡಿಗಳಿಗೆ ಬಟ್ಟೆ ಹೊಲಿಯುತ್ತಿದ್ದವರು ಅವರು. ಅದಾದ ಮೇಲೆ ದೊಡ್ಡ ಬಟ್ಟೆ ಕಂಪನಿಗಳು ಕಾರ್ಮಿಕ ಸಂಘಗಳ ಜೊತೆ ಕೂತು ಒಪ್ಪಂದ ಮಾಡಿಕೊಂಡವು. ತಪಾಸಣೆಯ ವರದಿಗಳು ಬಹಿರಂಗವಾದವು, ದುರಸ್ತಿಯ ಖರ್ಚಿನ ಬಗ್ಗೆಯೂ ಕೊಳ್ಳುವವರೇ ಯೋಚಿಸಬೇಕಾಯಿತು. ನಮ್ಮಲ್ಲೂ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಕಾರ್ಮಿಕರ ಸುರಕ್ಷತೆ ಮತ್ತು ಪರಿಸರದ ಲೆಕ್ಕವನ್ನು ವರ್ಷಕ್ಕೊಮ್ಮೆ ಕೊಡಬೇಕು ಎಂದು ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಆ ಲೆಕ್ಕದಲ್ಲಿ ಕಾಯಂ ನೌಕರರ ಜೊತೆ ಗುತ್ತಿಗೆಯವರೂ ಬರುತ್ತಾರೆ. ಕಂಪನಿಯ ವರದಿ ಓದುವ ಅಭ್ಯಾಸ ನಮ್ಮ ಹುಡುಗರಿಗೆ ಬರಬೇಕು; ಕಾಲೇಜಿನಲ್ಲಿ ವಾಣಿಜ್ಯ ಓದುವವರಾದರೂ ತಮ್ಮ ಊರ ಪಕ್ಕದ ಕಾರ್ಖಾನೆ ಏನು ಬರೆದುಕೊಂಡಿದೆ ಎಂದು ತೆಗೆದು ನೋಡಬೇಕು.

ಸಹಕಾರಿ ಕಾರ್ಖಾನೆಯಾದರೆ ನೋಡುವುದು ಇನ್ನೂ ಸುಲಭ, ಯಾಕೆಂದರೆ ಅದರ ಷೇರುದಾರರು ನೀವೇ, ನನ್ನ ಮಾತು ಕೇಳುತ್ತಿರುವ ರೈತರು. ವಾರ್ಷಿಕ ಮಹಾಸಭೆಯಲ್ಲಿ ದರದ ಪ್ರಶ್ನೆ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಕಳೆದ ಬೇಸಿಗೆಯ ಓವರ್‌ಹಾಲಿಂಗಿನಲ್ಲಿ ಗುತ್ತೇದಾರನ ಮಂದಿಯಲ್ಲಿ ಎಷ್ಟು ಜನರಿಗೆ ಗಾಯವಾಯಿತು, ಅವರ ಚಿಕಿತ್ಸೆಗೆ ರೊಕ್ಕ ಕೊಟ್ಟವರು ಯಾರು? ಅಧ್ಯಕ್ಷರು ಉತ್ತರ ಹುಡುಕಬೇಕಾಗಿ ಬಂದರೆ ಮುಂದಿನ ವರ್ಷ ಆ ಲೆಕ್ಕ ಇಡುವವನೊಬ್ಬ ನೇಮಕವಾಗುತ್ತಾನೆ.

ಗುತ್ತೇದಾರ ಬಂಧುಗಳಿಗೂ ಒಂದು ಮಾತಿದೆ. ಶರತ್ತುಗಳ ಹಾಳೆ ಇಂಗ್ಲಿಷಿನಲ್ಲಿದ್ದರೆ ಕನ್ನಡದ ಪ್ರತಿ ಕೇಳಿ ಪಡೆಯಿರಿ, ಓದದೆ ರುಜು ಹಾಕಬೇಡಿ. ಟಾಕಿ ತೆರೆಯುವ ದಿನ ಗಾಳಿ ಪರೀಕ್ಷೆಯ ಚೀಟಿ ಕೈಗೆ ಬರುವ ತನಕ ನಿಮ್ಮ ಹುಡುಗರನ್ನು ಮೇಲೆಯೇ ಕೂರಿಸಿ. ಅದಕ್ಕಾಗಿ ಕೆಲಸ ಅರ್ಧ ದಿನ ತಡವಾದರೆ ಆ ಅರ್ಧ ದಿನದ ಪಗಾರ ಯಾರದು ಎಂಬುದನ್ನು ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಿ. ಮುಂದಿನ ಹಂಗಾಮಿನ ಕಟಾವು, ಸಾಗಣೆಯ ಕರಾರುಗಳು ಮಳೆಗಾಲದಲ್ಲೇ ಕೈಬದಲಾಗುತ್ತವೆ. ಟ್ರಾಲಿಯ ದೀಪ, ಗ್ಯಾಂಗಿನ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚದ ವ್ಯವಸ್ಥೆ, ಜ್ವರ ಬಂದ ದಿನಕ್ಕೆ ದಂಡವಿಲ್ಲ ಎಂಬ ಒಂದು ಸಾಲು, ಇವನ್ನು ಸೇರಿಸಲು ಅದೇ ಸಮಯ. ಮುಂಗಡ ಎಣಿಸಿ ಕೊಟ್ಟಾದ ಮೇಲೆ ಯಾರೂ ಆ ಹಾಳೆಯನ್ನು ಮತ್ತೆ ತೆರೆಯುವುದಿಲ್ಲ.